ಎಂಜಿನ್ ದೀಪ ಹತ್ತಿದರೆ ಎಂಜಿನ್ ಹೋಯಿತೇ? ಹಳೆಯ ಜರ್ಮನ್ ಕಾರಿನ ದೋಷ ಹುಡುಕುವ ಬಗೆ

‘ಹಳದಿ ಎಂಜಿನ್ ದೀಪ ಹತ್ತಿದರೆ ಬ್ಯಾಟರಿ ವೈರನ್ನು ಹತ್ತು ನಿಮಿಷ ಕಳಚಿಡಿ, ತಾನಾಗಿಯೇ ಸರಿಹೋಗುತ್ತದೆ.’ ‘ಜರ್ಮನ್ ಕಾರಿಗೆ ಆ ದೀಪ ಬಂತೆಂದರೆ ಎಂಜಿನ್ ಇಳಿಸಲೇಬೇಕು, ಬಂದಷ್ಟಕ್ಕೆ ಮಾರಿಬಿಡಿ.’ ವಾಟ್ಸಾಪ್‌ನಲ್ಲಿ ಈ ಎರಡೂ ಬಗೆಯ ಸಲಹೆಗಳು ಸುತ್ತುತ್ತಿರುತ್ತವೆ. ಎರಡೂ ತಪ್ಪು. ಮೊದಲನೆಯದು ದೀಪವನ್ನು ಆರಿಸುತ್ತದೆ, ದೋಷವನ್ನಲ್ಲ. ಎರಡನೆಯದನ್ನು ನಂಬಿದವರು ಕೆಲವೊಮ್ಮೆ ಕೆಲವೇ ನೂರು ರೂಪಾಯಿಯ ಬಿಡಿಭಾಗಕ್ಕೆ ಹೆದರಿ ಕಾರನ್ನೇ ಕಳೆದುಕೊಳ್ಳುತ್ತಾರೆ.

ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಂಥ ಊರಿನಲ್ಲಿ ಟ್ರ್ಯಾಕ್ಟರ್ ಪಕ್ಕದಲ್ಲಿ ಹತ್ತು-ಹದಿನೈದು ವರ್ಷ ಹಳೆಯ ಪೋಲೊ ಅಥವಾ ವೆಂಟೊ ನಿಂತಿದ್ದರೆ ಈಗ ಯಾರೂ ತಿರುಗಿ ನೋಡುವುದಿಲ್ಲ. ಫೋಕ್ಸ್‌ವ್ಯಾಗನ್ ಕಂಪನಿ ಪೋಲೊ ಕಾರನ್ನು ಪುಣೆ ಬಳಿಯ ಚಾಕಣದಲ್ಲಿ ತಯಾರಿಸಿ 2010ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು, 2022ರಲ್ಲಿ ನಿಲ್ಲಿಸಿತು. ಬೆಂಗಳೂರಿನಲ್ಲಿ ಮೊದಲ ಮಾಲೀಕರು ಓಡಿಸಿ ಬಿಟ್ಟ ಕಾರುಗಳು ಎರಡನೇ, ಮೂರನೇ ಕೈಗೆ ಹಳ್ಳಿಗಳಿಗೆ ಬರುತ್ತವೆ. ಗಟ್ಟಿ ಬಾಡಿ, ಒಳ್ಳೆಯ ಪಿಕಪ್, ಕೈಗೆಟುಕುವ ಬೆಲೆ. ತೊಂದರೆ ಶುರುವಾಗುವುದು ಎಂಜಿನ್ ಮುನಿಸಿಕೊಂಡಾಗ. ಕಂಪನಿಯ ಸರ್ವಿಸ್ ಸೆಂಟರ್‌ಗೆ ಮೈಸೂರು ಇಲ್ಲವೇ ಬೆಂಗಳೂರಿನ ದಾರಿ ಹಿಡಿಯಬೇಕು. ಊರಿನ ಮೆಕ್ಯಾನಿಕ್‌ಗೆ ಎಂಜಿನ್ ಗೊತ್ತು, ಆದರೆ ಅದರ ಎಲೆಕ್ಟ್ರಾನಿಕ್ಸ್ ಹೊಸದು. ಈ ನಡುವೆ ‘ಅದನ್ನು ಬದಲಿಸಿ ನೋಡೋಣ, ಇದನ್ನು ಬದಲಿಸಿ ನೋಡೋಣ’ ಎಂದು ಒಂದೊಂದೇ ಭಾಗ ಹಾಕಿಸುತ್ತಾ ಹೋದರೆ ಕಾರಿನ ಬೆಲೆಯ ಅರ್ಧ ಗ್ಯಾರೇಜಿಗೆ ಹೋಗುತ್ತದೆ. ಆದ್ದರಿಂದ ರಿಪೇರಿಗಿಂತ ಮೊದಲು ದೋಷ ಹುಡುಕುವ ಕ್ರಮವನ್ನು ತಿಳಿಯೋಣ.

ಊರಿನ ಮೆಕ್ಯಾನಿಕ್‌ನನ್ನು ನಾವು ಹಗುರವಾಗಿ ಕಾಣುತ್ತಿಲ್ಲ. ಜರ್ಮನಿಯ ಬಾಷ್ ಕಂಪನಿಯ ಭಾರತದ ಶಾಖೆ 1951ರಲ್ಲಿ ಶುರುವಾಯಿತು. ಬೆಂಗಳೂರಿನ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪು ತಯಾರಿಸಿದ ‘ಮೈಕೋ’ ಎಂದರೆ ಇದೇ. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಆಯಿತು. ಮೈಕೋ ಪಂಪು ಬಿಚ್ಚಿ ಜೋಡಿಸಿದ ಕೈಗಳು ನಮ್ಮ ಕಡೆ ಬೇಕಾದಷ್ಟಿವೆ. ಆ ಪಂಪಿನಲ್ಲಿ ಡೀಸೆಲ್ ಎಷ್ಟು, ಯಾವಾಗ ಹೋಗಬೇಕು ಎಂಬುದನ್ನು ಸ್ಪ್ರಿಂಗು, ಗೇರುಗಳೇ ನಿರ್ಧರಿಸುತ್ತಿದ್ದವು. ಪೋಲೊ ಕಾಲದ ಕಾರಿನಲ್ಲಿ ಆ ತೀರ್ಮಾನ ಇಸಿಯು ಎಂಬ ಪುಟ್ಟ ಕಂಪ್ಯೂಟರಿನದು. ಅದು ಹತ್ತಾರು ಸೆನ್ಸರ್‌ಗಳ ಮಾತು ಕೇಳಿ ತೀರ್ಮಾನಿಸುತ್ತದೆ. ಒಂದು ಸೆನ್ಸರ್ ಸುಳ್ಳು ಹೇಳಿದರೂ, ಅದರ ವೈರು ಕಿತ್ತರೂ, ಗಟ್ಟಿಮುಟ್ಟಾದ ಎಂಜಿನ್ ಕೂಡ ಕೆಟ್ಟ ಹಾಗೆ ನಡೆದುಕೊಳ್ಳುತ್ತದೆ.

ಯಾವ ದೀಪಕ್ಕೆ ಹೆದರಬೇಕು?

ಬಣ್ಣ ನೋಡಿ. ಹಳದಿ ಎಂಜಿನ್ ದೀಪ ಸುಮ್ಮನೆ ಹತ್ತಿಕೊಂಡಿದ್ದು ಗಾಡಿ ಎಂದಿನಂತೆ ಓಡುತ್ತಿದ್ದರೆ ನಿಧಾನವಾಗಿ ಮನೆಗೆ ಹೋಗಬಹುದು. ಒಂದೆರಡು ದಿನದಲ್ಲಿ ತೋರಿಸಿದರೆ ಸಾಕು. ಅದೇ ದೀಪ ಮಿನುಗುತ್ತಿದ್ದು ಗಾಡಿ ನಡುಗುತ್ತಿದ್ದರೆ ಎಂಜಿನ್ ‘ಮಿಸ್ಸಿಂಗ್’ ಹೊಡೆಯುತ್ತಿದೆ ಎಂದರ್ಥ. ಪೆಟ್ರೋಲ್ ಕಾರಿನಲ್ಲಿ ಉರಿಯದೆ ಉಳಿದ ಪೆಟ್ರೋಲ್ ಹೊಗೆ ಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ. ಅದು ವಿಪರೀತ ಕಾದು ಹಾಳಾಗುತ್ತದೆ. ಆಕ್ಸಿಲರೇಟರ್ ಬಿಟ್ಟು ಆದಷ್ಟು ಬೇಗ ನಿಲ್ಲಿಸಿ.

ಕೆಂಪು ಬಣ್ಣದ ಎಣ್ಣೆ ಕ್ಯಾನಿನ ಗುರುತು ಬಂದರೆ ಮಾತೇ ಬೇಡ, ಅಲ್ಲೇ ಎಂಜಿನ್ ಆಫ್ ಮಾಡಿ. ಆಯಿಲ್ ಒತ್ತಡ ಇಲ್ಲದೆ ಒಂದೆರಡು ಕಿಲೋಮೀಟರ್ ಓಡಿಸಿದರೂ ಬೇರಿಂಗ್ ಹೋಗಿ ಎಂಜಿನ್ ಸೀಜ್ ಆಗಬಹುದು. ‘ಇನ್ನೇನು ಮಳವಳ್ಳಿ ಹತ್ತಿರ ಬಂತು’ ಎನ್ನುವ ಲೆಕ್ಕಾಚಾರಕ್ಕೆ ಇಲ್ಲಿ ಜಾಗವಿಲ್ಲ. ಕೂಲೆಂಟ್‌ನ ಕೆಂಪು ದೀಪಕ್ಕೂ ಇದೇ ಮಾತು.

ಈ ಕಂಪನಿಯ ಡೀಸೆಲ್ ಕಾರುಗಳಲ್ಲಿ ಇನ್ನೊಂದು ವಿಚಿತ್ರ ದೀಪವಿದೆ, ಸುರುಳಿಯಾಕಾರದ್ದು. ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ಗ್ಲೋ ಪ್ಲಗ್ ಕಾಯುವಾಗ ಅದು ಬಂದು ಹೋಗುತ್ತದೆ. ಓಡುವಾಗ ಅದೇ ಮಿನುಗತೊಡಗಿದರೆ ಹೆಚ್ಚಿನವರು ಗ್ಲೋ ಪ್ಲಗ್ ಬದಲಿಸಲು ಹೊರಡುತ್ತಾರೆ. ಆದರೆ ಮಿನುಗುವ ಸುರುಳಿ ಎಂದರೆ ಎಂಜಿನ್ ನಿಯಂತ್ರಣದಲ್ಲಿ ಏನೋ ದೋಷವಿದೆ ಎಂಬ ಸಾಮಾನ್ಯ ಸೂಚನೆ. ಅದಕ್ಕೆ ಆಗಾಗ ಸಿಗುವ ಕಾರಣ ಬ್ರೇಕ್ ಪೆಡಲ್ ಮೇಲಿನ ಸಣ್ಣ ಸ್ವಿಚ್! ಬ್ರೇಕ್ ಒತ್ತಿದ್ದಾರೋ ಇಲ್ಲವೋ ಎಂಬುದು ಇಸಿಯುಗೆ ಸರಿಯಾಗಿ ತಿಳಿಯದಿದ್ದರೆ ಅದು ದೀಪ ಹಚ್ಚುತ್ತದೆ. ಹಾಗಾಗಿ ಸುರುಳಿ ಮಿನುಗಿದರೆ ಮೊದಲು ಒಬ್ಬರನ್ನು ಹಿಂದೆ ನಿಲ್ಲಿಸಿ ಬ್ರೇಕ್ ದೀಪ ಸರಿಯಾಗಿ ಹತ್ತಿ ಆರುತ್ತಿದೆಯೇ ನೋಡಿ. ಖರ್ಚಿಲ್ಲದ ಪರೀಕ್ಷೆ.

ಸ್ಕ್ಯಾನರ್ ಹೇಳಿದ ಭಾಗ ಬದಲಿಸಿದರೆ ಸಾಕೇ?

ಸಾಲದು. ಅಷ್ಟೇ ಅಲ್ಲ, ಹೆಚ್ಚು ಹಣ ಪೋಲಾಗುವುದು ಇಲ್ಲಿಯೇ.

ಭಾರತದಲ್ಲಿ ಕಾರುಗಳಿಗೆ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಒಬಿಡಿ ವ್ಯವಸ್ಥೆ 2010ರ ಏಪ್ರಿಲ್‌ನಿಂದ ಕಡ್ಡಾಯವಾಯಿತು, ಅದರ ಎರಡನೇ ಹಂತ 2013ರ ಏಪ್ರಿಲ್‌ನಿಂದ. ಸ್ಟಿಯರಿಂಗ್ ಕೆಳಗೆ ಹದಿನಾರು ಪಿನ್‌ಗಳ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಬ್ಲೂಟೂತ್ ಸ್ಕ್ಯಾನರ್ ಚುಚ್ಚಿದರೆ ಮೊಬೈಲಿನಲ್ಲಿಯೇ ದೋಷದ ಕೋಡ್ ಕಾಣುತ್ತದೆ. ಅಗ್ಗದ ಸ್ಕ್ಯಾನರ್‌ಗಳು ಎಲ್ಲ ಕಾರುಗಳಿಗೂ ಸಾಮಾನ್ಯವಾದ ಕೋಡ್‌ಗಳನ್ನು ಓದುತ್ತವೆ. ಈ ಕಂಪನಿಯದೇ ಆದ ಒಳಗುಟ್ಟು ಓದಲು ವಿಸಿಡಿಎಸ್‌ನಂಥ ವಿಶೇಷ ಸಾಧನ ಬೇಕು. ಯಾವುದರಿಂದಲೇ ಓದಿದರೂ, ಕೋಡ್ ಎಂಬುದು ರೋಗದ ಹೆಸರಲ್ಲ, ರೋಗದ ಲಕ್ಷಣ. ಜ್ವರ 102 ಇದೆ ಎಂದು ಥರ್ಮಾಮೀಟರ್ ಹೇಳಿದರೆ ಯಾರೂ ಥರ್ಮಾಮೀಟರ್ ಬದಲಿಸುವುದಿಲ್ಲ, ಅಲ್ಲವೇ? ಕಾರಿನಲ್ಲಿ ಮಾತ್ರ ಅದನ್ನೇ ಮಾಡುತ್ತೇವೆ.

ಉದಾಹರಣೆಗೆ ಪಿ0171 ಎಂಬ ಕೋಡ್. ಪೆಟ್ರೋಲ್ ಎಂಜಿನ್ನಿಗೆ ಒಂದು ಗ್ರಾಂ ಪೆಟ್ರೋಲ್ ಸುಡಲು ಸುಮಾರು 14.7 ಗ್ರಾಂ ಗಾಳಿ ಬೇಕು. ಹೊಗೆ ಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರ್ ‘ಗಾಳಿ ಹೆಚ್ಚಾಗಿದೆ, ಪೆಟ್ರೋಲ್ ಕಡಿಮೆಯಾಗಿದೆ’ ಎಂದು ತುಂಬ ಹೊತ್ತು ದೂರಿದಾಗ ಈ ಕೋಡ್ ಬರುತ್ತದೆ. ಸ್ಕ್ಯಾನರ್ ನೋಡಿದ ಕೂಡಲೇ ಆಕ್ಸಿಜನ್ ಸೆನ್ಸರ್ ಬದಲಿಸುವವರು ಬಹಳ. ಪಾಪ, ಅದು ಸುದ್ದಿ ತಂದ ದೂತ ಅಷ್ಟೇ. ನಿಜವಾದ ಕಾರಣ ಬಹುಪಾಲು ಬೇರೆಡೆ ಇರುತ್ತದೆ: ಹತ್ತು ವರ್ಷ ಬಿಸಿಯಲ್ಲಿ ಬೆಂದು ಬಿರುಕು ಬಿಟ್ಟ ರಬ್ಬರ್ ಪೈಪು, ಧೂಳು ಮೆತ್ತಿದ ಗಾಳಿ ಅಳೆಯುವ ಸೆನ್ಸರ್, ಶಕ್ತಿ ಕುಂದಿದ ಪೆಟ್ರೋಲ್ ಪಂಪು. ಎಂಜಿನ್ ಐಡಲ್‌ನಲ್ಲಿರುವಾಗ ಬಾನೆಟ್ ಎತ್ತಿ ‘ಸ್ಸ್’ ಎನ್ನುವ ಸದ್ದಿಗೆ ಕಿವಿ ಕೊಡಿ, ಪೈಪುಗಳ ಬಾಯಿ, ಮಡಿಕೆಗಳನ್ನು ಟಾರ್ಚ್ ಹಾಕಿ ನೋಡಿ. ಬೆರಳು ಫ್ಯಾನು, ಬೆಲ್ಟಿನ ಹತ್ತಿರ ಹೋಗದಿರಲಿ.

ಪಿ0301 ಬಂದರೆ ಒಂದನೇ ಸಿಲಿಂಡರ್ ಮಿಸ್ಸಿಂಗ್ ಎಂದರ್ಥ. ಕಾರಣ ಇಗ್ನಿಷನ್ ಕಾಯಿಲ್ ಇರಬಹುದು, ಸ್ಪಾರ್ಕ್ ಪ್ಲಗ್ ಇರಬಹುದು, ಇಂಜೆಕ್ಟರ್ ಇರಬಹುದು, ಕೊನೆಗೆ ವಾಲ್ವೇ ಸುಟ್ಟಿರಬಹುದು. ಇದನ್ನು ಬಿಡಿಸುವ ಸೊಗಸಾದ ಉಪಾಯವೊಂದಿದೆ. ಪ್ರತಿ ಸಿಲಿಂಡರಿಗೂ ಬೇರೆ ಕಾಯಿಲ್ ಇರುವ ಎಂಜಿನ್ನಿನಲ್ಲಿ ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಒಂದನೇ ಕಾಯಿಲನ್ನು ಎರಡನೇ ಜಾಗಕ್ಕೆ, ಎರಡನೆಯದನ್ನು ಒಂದನೇ ಜಾಗಕ್ಕೆ ಹಾಕಿ. ಕೋಡ್ ಅಳಿಸಿ ಓಡಿಸಿ. ಈಗ ಪಿ0302 ಬಂತೇ? ದೋಷ ಕಾಯಿಲಿನ ಜೊತೆಗೇ ಹೋಯಿತು, ಕಾಯಿಲ್ ಬದಲಿಸಿ. ಪಿ0301 ಅಲ್ಲೇ ಉಳಿಯಿತೇ? ಕಾಯಿಲ್ ತಪ್ಪಿತಸ್ಥನಲ್ಲ, ಈಗ ಪ್ಲಗ್ ಅದಲುಬದಲು ಮಾಡಿ ನೋಡಿ. ಎಲ್ಲವೂ ಸರಿಯಿದ್ದು ಒಂದನೇ ಸಿಲಿಂಡರೇ ಹಟ ಹಿಡಿದರೆ ಆಗ ಕಂಪ್ರೆಷನ್ ಅಳೆಯಬೇಕು. ಎಂಜಿನ್ ಬಿಚ್ಚುವ ಮಾತು ಬರಬೇಕಾದದ್ದು ಇಲ್ಲಿ, ಇದಕ್ಕೆ ಮುಂಚೆ ಅಲ್ಲ.

ಒಮ್ಮೆಲೇ ಎಂಟು-ಹತ್ತು ಕೋಡ್ ಬಂದು ಎಬಿಎಸ್, ಏರ್‌ಬ್ಯಾಗ್, ಸ್ಟಿಯರಿಂಗ್ ಎಲ್ಲದರ ದೀಪವೂ ಹತ್ತಿದರೆ ಗಾಬರಿಯಾಗುತ್ತದೆ. ಆಗ ಮೊದಲ ಅನುಮಾನ ಬ್ಯಾಟರಿಯ ಮೇಲೆ ಇರಲಿ. ಕಂಪ್ಯೂಟರುಗಳಿಗೆ ಸಾಕಷ್ಟು ವೋಲ್ಟೇಜ್ ಸಿಗದಿದ್ದರೆ ಎಲ್ಲವೂ ಒಟ್ಟಿಗೆ ದೂರು ಹೇಳುತ್ತವೆ. ಊರಿನಲ್ಲಿ ಪಂಪ್‌ಸೆಟ್ ಮೋಟರ್ ರಿಪೇರಿ ಮಾಡುವವರ ಬಳಿ ಮಲ್ಟಿಮೀಟರ್ ಇದ್ದೇ ಇರುತ್ತದೆ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. 12ಕ್ಕಿಂತ ಕೆಳಗಿದ್ದರೆ ಅದು ಬರಿದಾಗಿದೆ. ಎಂಜಿನ್ ಓಡುವಾಗ ಹೆಚ್ಚೂಕಡಿಮೆ 13.8ರಿಂದ 14.5ರ ನಡುವೆ ಇರಬೇಕು, ಇಲ್ಲದಿದ್ದರೆ ಆಲ್ಟರ್ನೇಟರ್ ನೋಡಿಸಿ. ಬಾಡಿಗೆ ಕೂಡಿಸಿದ ಅರ್ತ್ ವೈರು ತುಕ್ಕು ಹಿಡಿದಿದ್ದರೂ ಇದೇ ಪಾಡು.

ಇನ್ನು ಬ್ಯಾಟರಿ ವೈರು ಕಳಚುವ ಸಲಹೆ. ಹಾಗೆ ಮಾಡಿದಾಗ ದೀಪ ಕೆಲವೊಮ್ಮೆ ಆರುವುದು ನಿಜ. ಆದರೆ ಕೋಡಿನ ಜೊತೆ, ದೋಷ ಬಂದ ಗಳಿಗೆಯಲ್ಲಿ ವೇಗ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿ ಇತ್ತು ಎಂದು ಇಸಿಯು ಬರೆದಿಟ್ಟುಕೊಂಡ ಮಾಹಿತಿಯೂ ಅಳಿಸಿಹೋಗಬಹುದು. ಮೆಕ್ಯಾನಿಕ್‌ಗೆ ಸಿಗಬೇಕಾದ ಸಾಕ್ಷಿ ನಾಶವಾಯಿತು. ದೋಷ ಉಳಿದಿದ್ದರೆ ದೀಪ ಮತ್ತೆ ಬಂದೇ ಬರುತ್ತದೆ. ಹಳೆ ಕಾರು ಮಾರುವವರು ಕೂಡ ಗಿರಾಕಿ ಬರುವ ಮುಂಚೆ ಕೋಡ್ ಅಳಿಸುವುದುಂಟು. ಕೊಳ್ಳುವಾಗ ಅರ್ಧ ಗಂಟೆಯಾದರೂ ಓಡಿಸಿ, ಆಮೇಲೆ ಸ್ಕ್ಯಾನ್ ಮಾಡಿಸಿ.

ಬಿಸಿಯಾಗುವ ಎಂಜಿನ್, ಬೋರ್‌ವೆಲ್ ನೀರು

‘ನಮ್ಮ ಸೆಕೆಗೆ ಥರ್ಮೋಸ್ಟಾಟ್ ಬೇಡ, ತೆಗೆದು ಬಿಸಾಕಿ’ ಎಂಬುದು ಹಳೆಯ ಸಲಹೆ, ಈಗ ಫಾರ್ವರ್ಡ್ ರೂಪದಲ್ಲಿ ಮತ್ತೆ ಬಂದಿದೆ. ಥರ್ಮೋಸ್ಟಾಟ್ ಒಂದು ಬಾಗಿಲು. ಎಂಜಿನ್ ತಣ್ಣಗಿರುವಾಗ ಮುಚ್ಚಿಕೊಂಡು ನೀರು ರೇಡಿಯೇಟರಿಗೆ ಹೋಗದಂತೆ ತಡೆಯುತ್ತದೆ, ಕಾದ ಮೇಲೆ ತೆರೆದುಕೊಳ್ಳುತ್ತದೆ. ಅದನ್ನು ತೆಗೆದರೆ ಎಂಜಿನ್ ಸರಿಯಾದ ಬಿಸಿಗೆ ಬರುವುದೇ ಇಲ್ಲ. ‘ಇನ್ನೂ ತಣ್ಣಗಿದೆ’ ಎಂದುಕೊಂಡ ಇಸಿಯು ಹೆಚ್ಚು ಇಂಧನ ಸುರಿಯುತ್ತದೆ, ಮೈಲೇಜ್ ಬೀಳುತ್ತದೆ, ಮಸಿ ಕಟ್ಟುತ್ತದೆ, ಪಿ0128 ಎಂಬ ಕೋಡೂ ಬರಬಹುದು. ಥರ್ಮೋಸ್ಟಾಟ್ ಮುಚ್ಚಿದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದ್ದರೆ ಕಾರು ಕುದಿಯುವುದು ನಿಜ. ಅದಕ್ಕೆ ಮದ್ದು ಹೊಸದನ್ನು ಹಾಕುವುದು.

ಕೂಲೆಂಟ್ ಕಡಿಮೆಯಾದರೆ ಮನೆಯ ಬೋರ್‌ವೆಲ್ ನೀರು ಹಾಕುವ ಅಭ್ಯಾಸ ಇನ್ನೂ ಅಪಾಯಕಾರಿ. ಮಂಡ್ಯ ಜಿಲ್ಲೆಯ ಬಹಳ ಕಡೆ ಬೋರ್ ನೀರು ಗಡಸು. ಬಿಸಿನೀರಿನ ಹಂಡೆಯೊಳಗೆ, ಗೀಸರ್ ಕಾಯಿಲಿನ ಮೇಲೆ ಬಿಳಿ ಪದರ ಕಟ್ಟುವುದನ್ನು ನೋಡಿದ್ದೀರಲ್ಲ? ಕ್ಯಾಲ್ಸಿಯಂ ಲವಣಗಳ ಅದೇ ಪದರ ಎಂಜಿನ್ನಿನ ಸಣ್ಣ ನೀರಿನ ದಾರಿಗಳಲ್ಲೂ ರೇಡಿಯೇಟರಿನ ತೆಳು ನಳಿಗೆಗಳಲ್ಲೂ ಕಟ್ಟುತ್ತದೆ. ಜೊತೆಗೆ ಬರೀ ನೀರಿನಲ್ಲಿ ತುಕ್ಕು ತಡೆಯುವ ಗುಣವಿಲ್ಲ. ಈ ಕಾರುಗಳಿಗೆ ಬೇಕಾದ್ದು ಜಿ12 ಅಥವಾ ಜಿ13 ಗುಣಮಟ್ಟದ ನಸುಗೆಂಪು-ನೇರಳೆ ಕೂಲೆಂಟ್, ಡಿಸ್ಟಿಲ್ಡ್ ನೀರಿನೊಂದಿಗೆ ಬೆರೆಸಿದ್ದು. ದಾರಿಯಲ್ಲಿ ಬೇರೆ ಗತಿಯಿಲ್ಲದೆ ಕುಡಿಯುವ ನೀರು ಹಾಕಿದರೆ ತಪ್ಪೇನಿಲ್ಲ, ಊರು ತಲುಪಿದ ಮೇಲೆ ತೊಳೆಸಿ ಬದಲಿಸಿ.

ಆದರೆ ಪ್ರಶ್ನೆ ಇದು: ಕೂಲೆಂಟ್ ಎಲ್ಲಿಗೆ ಹೋಯಿತು? ಮುಚ್ಚಿದ ವ್ಯವಸ್ಥೆಯಲ್ಲಿ ಅದು ಪದೇ ಪದೇ ಕಡಿಮೆಯಾಗಬಾರದು. ಕೆಳಗೆ ನಸುಗೆಂಪು ಕಲೆ ಇದ್ದರೆ ಹೊರಗೆ ಸೋರುತ್ತಿದೆ. ವಾಟರ್ ಪಂಪು, ಪೈಪು, ಪ್ಲಾಸ್ಟಿಕ್ ಥರ್ಮೋಸ್ಟಾಟ್ ಮನೆ ನೋಡಿ. ಕಲೆಯೇ ಇಲ್ಲದೆ ಮಾಯವಾಗುತ್ತಿದ್ದು, ಸೈಲೆನ್ಸರಿನಿಂದ ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ. ಚಳಿಗಾಲದ ಬೆಳಗ್ಗೆ ಎರಡು ನಿಮಿಷ ಬರುವ ಆವಿಗೆ ಮಾತ್ರ ತಲೆಕೆಡಿಸಿಕೊಳ್ಳಬೇಡಿ. ಹೊಗೆಯ ಬಣ್ಣ ಓದುವುದರಲ್ಲಿ ನಮ್ಮ ಟ್ರ್ಯಾಕ್ಟರ್ ಮೆಕ್ಯಾನಿಕ್‌ಗಳು ಪಳಗಿದವರು. ಕಪ್ಪಾದರೆ ಇಂಧನ ಹೆಚ್ಚು ಅಥವಾ ಗಾಳಿ ಕಡಿಮೆ, ನೀಲಿಯಾದರೆ ಆಯಿಲ್ ಉರಿಯುತ್ತಿದೆ. ಈ ಓದು ಜರ್ಮನ್ ಕಾರಿಗೂ ಹಾಗೆಯೇ ಅನ್ವಯಿಸುತ್ತದೆ.

ಕಾದ ಕೂಲೆಂಟ್ ಡಬ್ಬಿಯ ಮುಚ್ಚಳವನ್ನು ಎಂದೂ ತಿರುಗಿಸಬೇಡಿ. ಒತ್ತಡದಲ್ಲಿ 100 ಡಿಗ್ರಿಗೂ ಮೇಲೆ ಕಾದ ದ್ರವ, ಮುಚ್ಚಳ ತೆರೆದ ಕ್ಷಣ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕನಿಷ್ಠ ಅರ್ಧ ಗಂಟೆ ಕಾಯಿರಿ.

ಸ್ಕ್ಯಾನರ್ ಹೇಳದ ದೊಡ್ಡ ಅಪಾಯ

ಪೋಲೊ, ವೆಂಟೊ ಡೀಸೆಲ್ ಎಂಜಿನ್‌ಗಳಲ್ಲಿ ಟೈಮಿಂಗ್ ಬೆಲ್ಟ್ ಇದೆ. ಪಿಸ್ಟನ್ ಮೇಲೆ ಬರುವ ಹೊತ್ತಿಗೆ ವಾಲ್ವ್ ಮುಚ್ಚಿರಬೇಕು. ಈ ತಾಳ ತಪ್ಪದಂತೆ ನೋಡಿಕೊಳ್ಳುವುದು ಹಲ್ಲುಗಳಿರುವ ಆ ರಬ್ಬರ್ ಬೆಲ್ಟ್. ಅದು ತುಂಡಾದರೆ ಪಿಸ್ಟನ್ ಹೋಗಿ ವಾಲ್ವಿಗೆ ಹೊಡೆಯುತ್ತದೆ, ಎಂಜಿನ್ ಹೆಡ್ ಹಾಳಾಗುತ್ತದೆ. ಹಳೆ ಕಾರಿನ ಬೆಲೆಗೆ ಹೋಲಿಸಿದರೆ ಆ ರಿಪೇರಿ ತೀರಾ ದುಬಾರಿ. ತುಂಡಾಗುವ ಮುನ್ನ ಬಹುಪಾಲು ಯಾವ ದೀಪವೂ ಬರುವುದಿಲ್ಲ, ಯಾವ ಕೋಡೂ ಇಲ್ಲ. ‘ಸ್ಕ್ಯಾನ್ ಮಾಡಿಸಿದೆ, ಕಾರು ಕ್ಲೀನ್’ ಎಂದು ನೆಮ್ಮದಿಯಿಂದ ಇರುವವರು ಇದನ್ನು ಗಮನಿಸಬೇಕು.

ಬೆಲ್ಟಿಗೆ ಕಿಲೋಮೀಟರ್ ಲೆಕ್ಕವೂ ಇದೆ, ವರ್ಷದ ಲೆಕ್ಕವೂ ಇದೆ. ಎರಡರಲ್ಲಿ ಯಾವುದು ಮೊದಲು ಬರುತ್ತದೋ ಆಗ ಬದಲಿಸಬೇಕು. ನಿಮ್ಮ ಎಂಜಿನ್ನಿನ ಅವಧಿ ಕಾರಿನ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಓಡೋಮೀಟರ್ ತಿರುಗಿಸಿ ಮಾರುವುದು ಹೊಸ ಸಂಗತಿಯಲ್ಲ, ಆದ್ದರಿಂದ ಬೆಲ್ಟ್ ಬದಲಿಸಿದ ಬಿಲ್ ಕೈಯಲ್ಲಿ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿಯಿರಿ. ಬೆಲ್ಟ್ ಜೊತೆಗೆ ಟೆನ್ಷನರ್, ವಾಟರ್ ಪಂಪನ್ನೂ ಹಾಕಿಸಿ. ಈ ಡೀಸೆಲ್‌ಗಳಲ್ಲಿ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟ್. ಪಂಪು ಸಿಕ್ಕಿಕೊಂಡರೆ ಹೊಸ ಬೆಲ್ಟೂ ಹೋಗುತ್ತದೆ. ಹಳೆಯ ಡೀಸೆಲ್ ಪೋಲೊ ಕೊಂಡವರು ಅಲಾಯ್ ವೀಲ್, ಸ್ಪೀಕರ್ ಬಗ್ಗೆ ಯೋಚಿಸುವ ಮೊದಲು ಮಾಡಿಸಬೇಕಾದ ಕೆಲಸ ಇದೊಂದೇ ಎಂದು ನಮ್ಮ ಅಭಿಪ್ರಾಯ.

ಡೀಸೆಲ್, ಸೀಮೆಎಣ್ಣೆ, ಇಜಿಆರ್

ಹಳೆ ಪಂಪ್‌ಸೆಟ್‌ಗೆ ಸೀಮೆಎಣ್ಣೆ ಬೆರೆಸಿ ಓಡಿಸಿದ ನೆನಪು ಹಲವರಿಗಿದೆ. ಕಾಮನ್ ರೈಲ್ ಡೀಸೆಲ್‌ಗೆ ಅದು ವಿಷ. ಕಾರಿನ ಟಯರಿನಲ್ಲಿ ಸುಮಾರು 2.2 ಬಾರ್ ಒತ್ತಡವಿದ್ದರೆ, ಈ ಎಂಜಿನ್ನಿನ ಪಂಪು ಡೀಸೆಲನ್ನು ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿ ದೂಡುತ್ತದೆ. ಆ ಪಂಪಿನ ಲೋಹದ ಭಾಗಗಳಿಗೆ ಡೀಸೆಲ್ಲೇ ಜಿಡ್ಡು. ಸೀಮೆಎಣ್ಣೆಗೆ ಆ ಜಿಡ್ಡಿನ ಗುಣ ಕಡಿಮೆ. ಪಂಪು ಸವೆದು ಲೋಹದ ಪುಡಿ ಇಂಜೆಕ್ಟರ್‌ಗೆ ಹೋಗುತ್ತದೆ. ಡೀಸೆಲ್‌ನಲ್ಲಿ ಸೇರಿದ ನೀರೂ ಹಾಗೆಯೇ ಕೆಡಿಸುತ್ತದೆ. ಪಿಕಪ್ ಬಿತ್ತೆಂದರೆ ಟರ್ಬೊ, ಇಂಜೆಕ್ಟರ್ ಎನ್ನುವ ಮುಂಚೆ ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ ಮತ್ತು ಟರ್ಬೊ ಪೈಪಿನ ಬಿರುಕು ನೋಡಿಸಿ. ಟರ್ಬೊ ಒತ್ತಡ ಸಾಲದೆಂದು ಹೇಳುವ ಪಿ0299 ಬಂದಾಗಲೂ ಸಡಿಲಗೊಂಡ ಪೈಪೇ ಕಾರಣವಾಗಿರುವುದುಂಟು.

ಬೆಂಗಳೂರಿನ ಟ್ರಾಫಿಕ್‌ನಲ್ಲಿ ತೆವಳಿದ ಡೀಸೆಲ್ ಕಾರಿನ ಇಜಿಆರ್ ವಾಲ್ವಿನಲ್ಲಿ ಮಸಿ ಕಟ್ಟಿರುತ್ತದೆ. ಪಿ0401 ಎಂದರೆ ಸಾಮಾನ್ಯವಾಗಿ ಅದೇ. ತೆಗೆದು ಸ್ವಚ್ಛ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದೆ. ‘ಇಜಿಆರ್ ಮುಚ್ಚಿಸಿ, ಮೈಲೇಜ್ ಹೆಚ್ಚುತ್ತದೆ’ ಎಂಬ ಸಲಹೆ ಬೇಡ: ವಿಷಾನಿಲವಾದ ನೈಟ್ರೋಜನ್ ಆಕ್ಸೈಡ್ ಹೆಚ್ಚುತ್ತದೆ, ದೀಪ ಮತ್ತೆ ಹತ್ತುತ್ತದೆ. ಇದೇ ಅನಿಲದ ಪರೀಕ್ಷೆಯಲ್ಲಿ ಸಾಫ್ಟ್‌ವೇರ್ ಮೂಲಕ ವಂಚಿಸಿದ ಪ್ರಕರಣದಲ್ಲಿ ಈ ಕಂಪನಿ 2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಸಿಕ್ಕಿಬಿದ್ದಿತ್ತು. ಅದೇ ಡಿಸೆಂಬರ್‌ನಲ್ಲಿ ಭಾರತದಲ್ಲೂ 3.23 ಲಕ್ಷಕ್ಕೂ ಹೆಚ್ಚು ಡೀಸೆಲ್ ಕಾರುಗಳನ್ನು ವಾಪಸ್ ಕರೆಯುವುದಾಗಿ ಪ್ರಕಟಿಸಿತು. 2015ಕ್ಕಿಂತ ಹಳೆಯ ಡೀಸೆಲ್ ನಿಮ್ಮದಾದರೆ ಆ ಸಾಫ್ಟ್‌ವೇರ್ ಕೆಲಸ ಆಗಿದೆಯೇ ಎಂದು ಚಾಸಿಸ್ ನಂಬರ್ ಕೊಟ್ಟು ಸರ್ವಿಸ್ ಸೆಂಟರ್‌ನಲ್ಲಿ ಕೇಳಬಹುದು.

ಪೆಟ್ರೋಲ್ ಕಾರಿನವರಿಗೆ ಇ20 ಚಿಂತೆ. ಮಂಡ್ಯದ ಕಬ್ಬಿಗೂ ಎಥನಾಲ್‌ಗೂ ನಂಟಿರುವುದರಿಂದ ಚರ್ಚೆ ಇಲ್ಲಿ ಬಿಸಿಯಾಗಿಯೇ ಇದೆ. ‘ಇ20 ಹಾಕಿದರೆ ಎಂಜಿನ್ ಸೀಜ್’ ಎಂಬುದು ಉತ್ಪ್ರೇಕ್ಷೆ. ಎಥನಾಲ್‌ನಲ್ಲಿ ಪೆಟ್ರೋಲಿನ ಸುಮಾರು ಮೂರನೇ ಎರಡರಷ್ಟು ಶಕ್ತಿ ಮಾತ್ರ ಇರುವುದರಿಂದ ಮೈಲೇಜ್ ಸ್ವಲ್ಪ ಇಳಿಯುವುದು ಖಚಿತ. ಇ20ಗೆಂದು ತಯಾರಾಗದ ಹಳೆ ಕಾರಿನ ರಬ್ಬರ್ ಪೈಪು, ಸೀಲುಗಳು ಬೇಗ ಹಳತಾಗಬಹುದು. ಎಥನಾಲ್ ತೇವ ಹೀರುತ್ತದೆ, ಹಾಗಾಗಿ ತಿಂಗಳುಗಟ್ಟಲೆ ಕಾರು ನಿಲ್ಲಿಸಿಡಬೇಡಿ.

ಇಲಿಗೆ ಹೊಗೆಸೊಪ್ಪು ಮದ್ದೇ?

ಬಣವೆ, ಕೊಟ್ಟಿಗೆಯ ಪಕ್ಕ ನಿಲ್ಲುವ ಕಾರಿನಲ್ಲಿ ‘ಸೆನ್ಸರ್ ದೋಷ’ ಎನ್ನುವುದು ಎಷ್ಟೋ ಸಲ ಇಲಿ ಕಡಿದ ವೈರು. ಜರ್ಮನ್ ಕಾರಿನ ವೈರು ಸೋಯಾದಿಂದ ಮಾಡಿದ್ದು, ಅದಕ್ಕೇ ಇಲಿ ತಿನ್ನುತ್ತದೆ ಎಂಬ ಸಂದೇಶ ನೀವೂ ನೋಡಿರಬಹುದು. ಇಲಿಯ ಬಾಚಿಹಲ್ಲು ಜೀವಮಾನವಿಡೀ ಬೆಳೆಯುತ್ತದೆ, ಸವೆಸಲು ಅದು ಏನನ್ನಾದರೂ ಕಡಿಯಲೇಬೇಕು. ಸೋಯಾ ಇಲ್ಲದ ಹಳೆ ಗಾಡಿಗಳ ವೈರನ್ನೂ ಅದು ಬಿಟ್ಟಿರಲಿಲ್ಲ. ಬಾನೆಟ್ ಒಳಗೆ ಹೊಗೆಸೊಪ್ಪು ಇಟ್ಟರೆ ವಾಸನೆ ಇರುವಷ್ಟು ದಿನ ಸ್ವಲ್ಪ ಉಪಯೋಗವಾದೀತು, ಬಿಸಿಗೆ ಅದು ಬೇಗ ಹೋಗುತ್ತದೆ. ನುಸಿಗುಳಿಗೆಯ ಗಾಳಿ ಎಸಿ ದಾರಿಯಲ್ಲಿ ಒಳಗೆ ಬರುತ್ತದೆ, ಮಕ್ಕಳಿರುವ ಮನೆಯವರು ಬಳಸದಿರುವುದು ಒಳ್ಳೆಯದು. ಕೆಳಗಿನಿಂದ ಕಬ್ಬಿಣದ ಜಾಲರಿ ಹೊಡೆಸಿ, ಕಾರನ್ನು ಬಣವೆಯಿಂದ ದೂರ ನಿಲ್ಲಿಸಿ, ದಿನ ಬಿಟ್ಟು ದಿನವಾದರೂ ಬಾನೆಟ್ ಎತ್ತಿ ನೋಡಿ.

ಗ್ಯಾರೇಜಿಗೆ ಫೋನ್ ಮಾಡುವ ಮುಂಚೆ ಕೋಡ್ ಕಾಣುವ ಪರದೆಯ ಫೋಟೊ ತೆಗೆದಿಟ್ಟುಕೊಳ್ಳಿ. ದೋಷ ಬರುವುದು ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಏರು ಹತ್ತುವಾಗಲೋ ಐಡಲ್‌ನಲ್ಲೋ, ಮಳೆ ಬಂದಾಗ ಮಾತ್ರವೋ, ಕಳೆದ ಸಲ ಎಲ್ಲಿ ಡೀಸೆಲ್ ಹಾಕಿಸಿದ್ದಿರಿ ಎಂಬುದನ್ನು ಬರೆದುಕೊಳ್ಳಿ. ಸದ್ದು ಬರುತ್ತಿದ್ದರೆ ಅರ್ಧ ನಿಮಿಷದ ವಿಡಿಯೊ ಮಾಡಿ ಕಳಿಸಿ. ಮೆಕ್ಯಾನಿಕ್ ಒಂದು ಭಾಗ ಬದಲಿಸಬೇಕೆಂದಾಗ ‘ಇದೇ ಕೆಟ್ಟಿದೆ ಎಂದು ಯಾವ ಪರೀಕ್ಷೆಯಿಂದ ಗೊತ್ತಾಯಿತು ಅಣ್ಣ?’ ಎಂದು ಕೇಳಿ, ಬಿಚ್ಚಿದ ಹಳೆಯ ಭಾಗವನ್ನು ಕೈಗೆ ಕೊಡಲು ಹೇಳಿ.